ಸೂಜಿ ಮೇಡಂ, ಅರ್ಧ ಡಾಕ್ಟ್ರು

"ಇನ್ನೊಂದು ಹೆಜ್ಜೆ ಮುಂದಿಟ್ರೆ ಕಾಲು ಮುರೀತೀನಿ!"

ಅವನು ನನ್ನೊಡನೆ ಆಡಿದ ಮೊದಲ ಮಾತು ಇದು. ಕೋಳಿ ಶೆಡ್ಡಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ, ಮೈಮೇಲೆ ಮಾಸಿದ ಬಿಳಿ ಕೋಟು. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಎರಡೂ ಕೆಂಡವಾಗಿದ್ದವು.

"ಔಷಧಿ ಮಾರೋರು ಆಫೀಸಿಗೆ ಹೋಗಿ. ಬೆಳಗ್ಗೆಯಿಂದ ಎಷ್ಟು ಫಾರಂ ಸುತ್ತಿ ಬಂದಿದೀರೋ, ಆ ಚಪ್ಪಲಿಗೆ ಎಷ್ಟು ರೋಗ ಅಂಟಿದೆಯೋ."

"ನಾನು ಏನೂ ಮಾರೋಕೆ ಬಂದಿಲ್ಲ. ನಾಳೆಯಿಂದ ಈ ಶೆಡ್ಡಿನಲ್ಲಿ ನಡೆಯೋ ಟ್ರಯಲ್ ನಂದು."

ಪೊರಕೆ ನಿಧಾನವಾಗಿ ಬೆನ್ನ ಹಿಂದೆ ಹೋಯಿತು. "ಓ, ಪಿಎಚ್‌ಡಿ ಮೇಡಮ್ಮಾ? ಗೊತ್ತಾಗ್ಲಿಲ್ಲ." ಒಂದು ಕ್ಷಣ ಯೋಚಿಸಿ ಸೇರಿಸಿದ, "ಆದ್ರೂ ಕಾಲು ಅದ್ದೇ ಬರ್ಬೇಕು."

ಬಾಗಿಲ ಬುಡದಲ್ಲಿ ಔಷಧಿ ನೀರಿನ ತೊಟ್ಟಿ ಇತ್ತು. ಕಡು ನೇರಳೆ ನೀರು. ಬಿಂಕದಿಂದ ಕಾಲಿಟ್ಟೆ, ಜಾರಿದೆ, ಮೊಣಕಾಲವರೆಗೂ ನೇರಳೆಯಾದೆ. ಅವನು ನಗಲಿಲ್ಲ. ಮಾಸ್ಕಿನ ಮೇಲೆ ಕಣ್ಣಂಚು ಮಾತ್ರ ಸುಕ್ಕುಗಟ್ಟಿತು.

ಆ ಬಣ್ಣ ಒಂದು ವಾರವಾದರೂ ಹೋಗಲಿಲ್ಲ. ಆಗ ನಾನಿದ್ದದ್ದು ಅಕ್ಕ ಭಾವನ ಮನೆಯಲ್ಲಿ. "ಯಾರೇ ಅದು, ನಿನ್ನ ಕಾಲಿಗೆ ಬಣ್ಣ ಹಚ್ಚಿದೋನು?" ಎಂದು ಅಕ್ಕ ಕೇಳಿದಳು.

"ಯಾರೂ ಇಲ್ಲ. ತೊಟ್ಟಿ."

"ತೊಟ್ಟಿ ಸುದ್ದಿ ಹೇಳುವಾಗ ಯಾರೂ ಹಾಗೆ ನಗಲ್ಲ," ಎಂದರು ಭಾವ, ಪೇಪರು ಕೆಳಗಿಳಿಸದೆ.

ಅವನು ಆ ಶೆಡ್ಡಿನ ಸೂಪರ್‌ವೈಸರ್. ನಮ್ಮ ಪಶುವೈದ್ಯ ಸಂಸ್ಥೆಯಲ್ಲಿ ಎಲ್ಲರ ಬಾಯಲ್ಲೂ ಅವನು 'ಅರ್ಧ ಡಾಕ್ಟ್ರು'. ಪಶುವೈದ್ಯ ಕೋರ್ಸಿನಲ್ಲಿ ಎರಡು ವರ್ಷ ಓದಿ, ಅಪ್ಪ ತೀರಿಕೊಂಡಾಗ ಬಿಟ್ಟು ಕೆಲಸಕ್ಕೆ ಸೇರಿದ್ದ. ಮನೆಯಲ್ಲಿ ತಾಯಿ, ಅವನು, ಇಬ್ಬರೇ. ಹೆಸರು ತಮಾಷೆಗೆ ಹುಟ್ಟಿದ್ದು. ಆದರೆ ಒಂದು ಹಕ್ಕಿ ತೂಕಡಿಸಿದರೂ ಪೂರ್ತಿ ಡಾಕ್ಟ್ರುಗಳೇ ಮೊದಲು ಅವನನ್ನು ಕೂಗುತ್ತಿದ್ದರು. ಕೋರ್ಸಿನಲ್ಲಿ ಸಂಸ್ಥೆಯ ನೌಕರರಿಗೆಂದು ವರ್ಷಕ್ಕೆ ಒಂದು ಸೀಟು ಇತ್ತು. ಮುಂದಿನ ವರ್ಷ ಅದು ನಿನಗೇ ಎಂದು ವಿಭಾಗದ ಮುಖ್ಯಸ್ಥರು, ಅಂದರೆ ನನ್ನ ಗೈಡ್, ಅವನಿಗೆ ಮಾತು ಕೊಟ್ಟಿದ್ದರು. ಇದನ್ನು ಅವನು ನನಗೆ ಹೇಳಿದ್ದು ಮರಿಗಳಿಗೆ ನೀರು ತುಂಬುತ್ತಾ, ನನ್ನ ಕಡೆ ತಿರುಗದೆ.

"ಪೂರ್ತಿ ಡಾಕ್ಟ್ರಾದ ಮೇಲೆ ಮೊದಲು ಏನ್ಮಾಡ್ತೀರಾ?"

"ನಿಮ್ಮ ಹಾಗೆ ಪಿಎಚ್‌ಡಿ ಮಾಡೋರಿಗೆ ಕಾಲು ಅದ್ದೋದು ಹೇಗೆ ಅಂತ ಕ್ಲಾಸ್ ತಗೋತೀನಿ."

ನನ್ನ ಟ್ರಯಲ್ ಹೇಳಿಕೊಳ್ಳಲು ಸರಳ. ಎರಡು ಕೋಣೆ, ಒಂದೊಂದರಲ್ಲಿ ಅರವತ್ತು ಕೋಳಿಮರಿ. ಎಲ್ಲಕ್ಕೂ, ಕೋಳಿಗಳನ್ನು ಹಿಂಡುಗಟ್ಟಲೆ ಕೊಲ್ಲುವ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೆ ಒಂದು ಹನಿ. ಎರಡನೇ ಕೋಣೆಯ ಮರಿಗಳಿಗೆ ಮಾತ್ರ ಕುಡಿಯುವ ನೀರಿನಲ್ಲಿ ಪ್ರೊಬಯಾಟಿಕ್ ಪುಡಿ, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ. ವಾರವಾರ ರಕ್ತ ತೆಗೆದು, ಯಾವ ಕೋಣೆಯ ಮರಿಗಳಲ್ಲಿ ಲಸಿಕೆ ಹೆಚ್ಚು ಹತ್ತಿದೆ ಎಂದು ನೋಡಬೇಕು.

ಶೆಡ್ಡಿನ ಹೆಂಗಸರಿಗೆ ಇದನ್ನು ವಿವರಿಸಲು ನಾನು ಅರ್ಧ ಗಂಟೆ ಒದ್ದಾಡಿದೆ. ಅವನು ಒಂದೇ ಉಸಿರಿಗೆ ಮುಗಿಸಿದ. "ಲಸಿಕೆ ಅಂದ್ರೆ ಮೈಗೆ ಕಳ್ಳನ ಫೋಟೋ ತೋರ್ಸೋದು ಕಣಮ್ಮ. ಹೊಟ್ಟೆ ಸರಿ ಇಲ್ದೆ ನರಳ್ತಿರೋರಿಗೆ ಫೋಟೋ ತೋರ್ಸಿದ್ರೆ ಅವರು ನೋಡ್ತಾರಾ? ಹೊಟ್ಟೆ ತಣ್ಣಗಿದ್ರೆ ಚೆನ್ನಾಗಿ ನೋಡಿ ನೆನಪಿಟ್ಕೋತಾರೆ. ಮೇಡಂ ಪುಡಿ ಹಾಕೋದು ಅದಕ್ಕೆ."

ನನ್ನ ಥೀಸಿಸ್ಸಿನ ಮೊದಲ ಅಧ್ಯಾಯ ನಲವತ್ತು ಪುಟ ಇತ್ತು. ಅವತ್ತು ಅದರ ಮೇಲೆ ನನಗೆ ಜಿಗುಪ್ಸೆ ಬಂತು.

ರಕ್ತ ತೆಗೆಯುವ ದಿನ ಅವನು ಹಕ್ಕಿಯನ್ನು ಮಗ್ಗುಲಾಗಿ ಮಲಗಿಸಿ ರೆಕ್ಕೆ ಬಿಡಿಸಿ ಹಿಡಿಯುತ್ತಿದ್ದ. ನಾನು ರೆಕ್ಕೆಯ ಒಳಗಿನ ನೀಲಿ ನರಕ್ಕೆ ಸೂಜಿ ಚುಚ್ಚುತ್ತಿದ್ದೆ. ಅದಕ್ಕೇ ನನಗೆ 'ಸೂಜಿ ಮೇಡಂ' ಎಂಬ ಹೆಸರು ಬಿತ್ತು. ಆ ಕೆಲಸದಲ್ಲಿ ಇಬ್ಬರ ತಲೆ ಹತ್ತಿರ ಬರದೆ ಗತಿಯಿಲ್ಲ. ಅವನ ಬೆರಳು ಗರಿಗಳನ್ನು ಬಿಡಿಸುವುದನ್ನು ನೋಡಬೇಕಿತ್ತು. ನಿದ್ದೆಯಲ್ಲಿರುವ ಮಗುವಿನ ಹೊದಿಕೆ ಸರಿಸಿದ ಹಾಗೆ.

"ಕೈ ನಡುಗ್ತಿದೆ ನಿಮ್ದು," ಎನ್ನುತ್ತಿದ್ದ, ಮೆಲ್ಲಗೆ.

"ಹಕ್ಕಿ ಒದ್ದಾಡ್ತಿದೆ."

"ಹಕ್ಕಿ ಸುಮ್ಮನೇ ಇದೆ ಮೇಡಂ."

ತಲೆ ಎತ್ತಿದರೆ ಮಾಸ್ಕಿನ ಮೇಲೆ ಆ ಎರಡು ಕಣ್ಣು. ಎಡಗಣ್ಣಿನ ರೆಪ್ಪೆಯಲ್ಲಿ ಒಂದು ಪುಟ್ಟ ಹಳದಿ ಪುಕ್ಕ ಸಿಕ್ಕಿಕೊಂಡಿತ್ತು. ತೆಗೆಯಲೇ ಎಂದು ಕೈ ಎತ್ತಿದೆ. ಗ್ಲೌಸಿಗೆ ರಕ್ತ ಮೆತ್ತಿತ್ತು. ಇಳಿಸಿದೆ. ಅವನು ಅದನ್ನು ನೋಡಿದ, ನೋಡಿಯೂ ಪುಕ್ಕವನ್ನು ತಾನೇ ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನದವರೆಗೂ ಹಾಗೇ ಬಿಟ್ಟುಕೊಂಡು ಓಡಾಡಿದ.

ಮೂರು ವಾರ ಅವನ ಪೂರ್ತಿ ಮುಖವನ್ನೇ ನಾನು ಕಂಡಿರಲಿಲ್ಲ. ಒಂದು ದಿನ ಹೊರಗಿನ ನಲ್ಲಿಯ ಹತ್ತಿರ ಮಾಸ್ಕು ತೆಗೆದು ಮುಖ ತೊಳೆಯುತ್ತಿದ್ದ. ದಪ್ಪ ಮೀಸೆ ಇರಬಹುದು ಎಂದುಕೊಂಡಿದ್ದೆ. ಮೀಸೆಯೇ ಇರಲಿಲ್ಲ. ಗಲ್ಲದಲ್ಲಿ ಗುಳಿ. ನನಗೆ ನಗು ತಡೆಯಲಾಗಲಿಲ್ಲ.

"ಯಾಕೆ ಮೇಡಂ?"

"ಏನಿಲ್ಲ. ಮೀಸೆ ಇರುತ್ತೆ ಅಂದ್ಕೊಂಡಿದ್ದೆ."

"ಬೇಕಿದ್ರೆ ಬಿಡ್ತೀನಿ," ಎಂದ. ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು. ನಾನು ಬಕೆಟ್ಟು ಎತ್ತಿಕೊಂಡು ಲ್ಯಾಬಿಗೆ ಹೋಗಿಬಿಟ್ಟೆ. ಆ ಬಕೆಟ್ಟಿಗೂ ಲ್ಯಾಬಿಗೂ ಏನೂ ಸಂಬಂಧ ಇರಲಿಲ್ಲ.

ಮರುದಿನ ಹಕ್ಕಿಯನ್ನು ಹಿಡಿದುಕೊಂಡೇ ಹೇಳಿದ, "ಟ್ರಯಲ್ ಮುಗೀಲಿ. ನಿಮ್ಮನ್ನ ಒಂದು ಮಾತು ಕೇಳೋದಿದೆ."

"ಈಗ್ಲೇ ಕೇಳಿ."

"ಈಗ ಕೇಳಿದ್ರೆ ಸೂಜಿ ತಪ್ಪುತ್ತೆ. ಪಾಪ, ಇದೇನು ಮಾಡಿದೆ?"

ನಾನು ಸಂತೋಷವಾಗಿದ್ದೆ. ಅಷ್ಟು ಸಂತೋಷವಾಗಿದ್ದಾಗ ಮನುಷ್ಯರಿಗೆ ಎಚ್ಚರ ಇರುವುದಿಲ್ಲ.

ಆ ವಾರವೇ ಅವನು ನೀರಿನ ವಿಷಯ ತೆಗೆದದ್ದು. ಬೆಳಗ್ಗೆ ನಾನು ಪುಡಿಯ ಡಬ್ಬಿ ತಂದಾಗ ಒಂದು ಲೋಟ ನೀರು ಹಿಡಿದು ಕಾಯುತ್ತಿದ್ದ. "ಮೂಸಿ ನೋಡಿ."

ಮೂಸಿದೆ. ಈಜುಕೊಳದ ವಾಸನೆ.

"ಮೇಲಿನ ಟ್ಯಾಂಕಿಗೆ ಕ್ಲೋರಿನ್ ಹಾಕೋಕೆ ಶುರು ಮಾಡಿದಾರೆ, ಯಾರಿಗೂ ಹೇಳದೆ. ನಿಮ್ಮ ಪುಡಿಯಲ್ಲಿರೋದು ಜೀವ ಮೇಡಂ. ಇದರಲ್ಲಿ ಅದು ಬದುಕುತ್ತಾ? ಹಿಂದುಗಡೆ ಬೋರ್‌ವೆಲ್ ಇದೆ. ನಾನೇ ಹೊತ್ತು ತಂದು ಹಾಕ್ತೀನಿ."

ಅವನು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಆದರೆ ಮಧ್ಯದಲ್ಲಿ ನೀರು ಬದಲಿಸಿದರೆ ಗೈಡಿಗೆ ಹೇಳಬೇಕು. ಅವರು ಮೊದಲಿಂದ ಮಾಡು ಅಂದರೆ ಎರಡು ತಿಂಗಳು ಹೋಗುತ್ತದೆ. ಫೆಲೋಶಿಪ್ಪಿನ ಗಡುವು ಹತ್ತಿರ ಇತ್ತು. ಅವರೆದುರು ನಿಂತು ತಪ್ಪು ಒಪ್ಪಿಕೊಳ್ಳುವುದೆಂದರೆ ನನಗೆ ಬಾಯಿ ಒಣಗುತ್ತಿತ್ತು.

"ಇರ್ಲಿ ಬಿಡಿ," ಎಂದೆ. "ಅಷ್ಟು ಕ್ಲೋರಿನ್‌ಗೆ ಏನೂ ಆಗಲ್ಲ. ಈ ನೀರೇ ಕೊಡಿ."

"ರಿಜಿಸ್ಟರ್‌ನಲ್ಲಿ ಬರೆದಿಡ್ಲಾ?"

"ಬೇಡ. ಸುಮ್ಮನೆ ಪ್ರಶ್ನೆ ಕೇಳ್ತಾರೆ."

ಅವನು ನನ್ನನ್ನೇ ನೋಡಿದ. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. "ನೀವು ಹೇಳಿದ ಮೇಲೆ ಮುಗೀತು," ಎಂದ.

ಐದನೇ ವಾರದ ಕೊನೆಗೆ ಲ್ಯಾಬಿನಲ್ಲಿ ತಟ್ಟೆಗಳನ್ನು ಜೋಡಿಸಿ ಕೂತೆ. ಸಾಲು ಸಾಲು ಪುಟ್ಟ ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಕುಳಿಯಿಂದ ಕುಳಿಗೆ ಸೀರಮ್ಮನ್ನು, ಅಂದರೆ ರಕ್ತದ ತಿಳಿಯನ್ನು, ತೆಳುಮಾಡುತ್ತಾ ಹೋಗಿ, ಕೊನೆಗೆ ರೋಗದ ವೈರಸ್ಸು, ಕೆಂಪು ರಕ್ತಕಣ ಬೆರೆಸಬೇಕು. ಹಕ್ಕಿಯಲ್ಲಿ ರೋಗನಿರೋಧಕ ಶಕ್ತಿ ಬಂದಿದ್ದರೆ ಕುಳಿಯ ತಳದಲ್ಲಿ ಅಂಗಿಯ ಕೆಂಪು ಗುಂಡಿಯ ಹಾಗೆ ಚುಕ್ಕೆ ನಿಲ್ಲುತ್ತದೆ. ಇಲ್ಲದಿದ್ದರೆ ಕೆಂಪು ಹರಡಿಕೊಳ್ಳುತ್ತದೆ. ಗುಂಡಿ ಎಷ್ಟು ಕುಳಿ ದಾಟಿ ಹೋದರೆ ಅಷ್ಟು ಒಳ್ಳೆಯದು.

ಮೊದಲ ಕೋಣೆ, ನಾಲ್ಕನೇ ಕುಳಿಗೆ ನಿಂತಿತು. ಎರಡನೇ ಕೋಣೆ, ಅದೂ ನಾಲ್ಕಕ್ಕೆ. ಹಕ್ಕಿ ಬದಲಿಸಿ ನೋಡಿದೆ. ನಾಲ್ಕು. ಮತ್ತೆ ನಾಲ್ಕು. ಪುಡಿ ಕುಡಿದವಕ್ಕೂ ಕುಡಿಯದವಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಗೈಡ್ ಮೀಟಿಂಗ್ ಕರೆದರು. ಉದ್ದ ಮೇಜು, ಆರೇಳು ಜನ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಅವನು. ಅವತ್ತು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಟ್ರಯಲ್ ಮುಗಿದ ದಿನ ಅಲ್ಲವೇ ಅದು.

"ಎರಡನೇ ಕೋಣೆಯ ನೀರನ್ನ ನಾನು ಟೆಸ್ಟಿಗೆ ಕಳಿಸಿದ್ದೆ," ಎಂದರು ಗೈಡ್, ಒಂದು ಹಾಳೆ ಎತ್ತಿ ಹಿಡಿದು. "ಜೀವಂತ ಬ್ಯಾಕ್ಟೀರಿಯಾ ಸೊನ್ನೆ. ಅಂದ್ರೆ ಪುಡಿ ನೀರಿಗೆ ಬಿದ್ದೇ ಇಲ್ಲ. ನೀರು ಯಾರ ಜವಾಬ್ದಾರಿ?"

ಎಲ್ಲರ ತಲೆ ಗೋಡೆಯ ಪಕ್ಕದ ಕುರ್ಚಿಯ ಕಡೆ ತಿರುಗಿತು.

ಅವನು ಗೈಡನ್ನು ನೋಡಲಿಲ್ಲ. ನನ್ನನ್ನು ನೋಡಿದ. ಮಾಸ್ಕು ಇರಲಿಲ್ಲ, ಪೂರ್ತಿ ಮುಖ. ಅದರಲ್ಲಿ ಭಯ ಇರಲಿಲ್ಲ. ನಾನು ಮಾತಾಡುತ್ತೇನೆ ಎಂಬ ವಿಶ್ವಾಸ ಎಷ್ಟಿತ್ತೆಂದರೆ, ಸ್ವಲ್ಪ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಲು ಸಿದ್ಧನಾಗಿ ಕೂತಿದ್ದ.

'ಸರ್, ಪುಡಿ ಹಾಕಿದ್ವಿ, ಕ್ಲೋರಿನ್ ಕೊಂದಿತು, ಇವರು ಎಚ್ಚರಿಸಿದ್ರು, ನಾನೇ ಬೇಡ ಅಂದೆ.' ಅಷ್ಟೇ ಹೇಳಬೇಕಿತ್ತು. ನಾನು ನೋಟ್‌ಬುಕ್ಕಿನ ಮೇಲೆ ಕಣ್ಣಿಟ್ಟೆ. ನೀಲಿ ಗೆರೆಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸಿದೆ. ಹನ್ನೊಂದು, ಹನ್ನೆರಡು.

"ನೀರಿನ ಜವಾಬ್ದಾರಿ ನಂದೇ ಸರ್," ಎಂದ ಅವನ ದನಿ ಕೇಳಿಸಿತು.

"ಪುಡಿ ಹಾಕಿರಲಿಲ್ವಾ?"

ಅವನು ಉತ್ತರ ಕೊಡಲಿಲ್ಲ. ಹಾಕಿರಲಿಲ್ಲ ಎಂದರೆ ಸುಳ್ಳು, ಹಾಕಿದ್ದೆವು ಎಂದರೆ ಮುಂದಿನ ಪ್ರಶ್ನೆ ನನ್ನ ಕಡೆ ತಿರುಗುತ್ತಿತ್ತು. ಗೈಡ್ ಆ ಮೌನವನ್ನೇ ಒಪ್ಪಿಗೆ ಎಂದು ಬರೆದುಕೊಂಡರು.

ಮೂರು ದಿನದಲ್ಲಿ ಆದೇಶ ಬಂತು. ಸೀಟು ಇಲ್ಲ, ಶೆಡ್ಡೂ ಇಲ್ಲ. ಬೇಕಿದ್ದರೆ ಗೋಡೌನಿನಲ್ಲಿ ಮೂಟೆ ಲೆಕ್ಕ ಇಡಬಹುದು. ಅವನು ರಾಜೀನಾಮೆ ಕೊಟ್ಟ. ಗೇಟಿನ ಹತ್ತಿರ ಓಡಿ ಹೋಗಿ ಹಿಡಿದೆ. ಅವನ ಕೈಯಲ್ಲಿ ಒಂದು ಚೀಲ ಇತ್ತು.

"ನಾನು ಗೈಡ್ ಹತ್ರ ಮಾತಾಡ್ತೀನಿ. ಸ್ವಲ್ಪ ಟೈಮ್ ಕೊಡಿ. ನೀವು... ನೀವೊಂದು ಮಾತು ಕೇಳೋದಿದೆ ಅಂದಿದ್ರಿ."

"ಉತ್ತರ ಸಿಕ್ತಲ್ಲ ಮೇಡಂ," ಎಂದ. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಹಕ್ಕಿಯ ಗರಿ ಸರಿಸುವಾಗಿನ ಮೆದುತನದಲ್ಲಿ ಹೇಳಿದ.

ಆಮೇಲೆ ನಾನು ಮಾತಾಡಲಿಲ್ಲ. ಇವತ್ತು, ನಾಳೆ, ಈ ಸೋಮವಾರ, ಮುಂದಿನ ಸೋಮವಾರ. ಹೇಳದ ಸತ್ಯಕ್ಕೆ ದಿನ ಹೆಚ್ಚಿದಷ್ಟೂ ಭಾರ ಹೆಚ್ಚು. ಎರಡನೇ ಟ್ರಯಲ್ ಶುರುವಾಯಿತು. ನೀರನ್ನು ಹಿಂದಿನ ಬೋರ್‌ವೆಲ್ಲಿನಿಂದ ತರಿಸಿದೆ. ಯಾಕೆ ಎಂದು ಗೈಡ್ ಕೇಳಲಿಲ್ಲ. "ಜಾಣೆ, ಮುನ್ನೆಚ್ಚರಿಕೆ ಒಳ್ಳೇದು," ಎಂದು ಬೆನ್ನು ತಟ್ಟಿದರು. ಆ ಮಾತು ಯಾರಿಗೆ ಸಲ್ಲಬೇಕಿತ್ತೋ ಅವನು ಎಲ್ಲಿದ್ದಾನೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಐದನೇ ವಾರ ತಟ್ಟೆ ನೋಡಿದೆ. ಮೊದಲ ಕೋಣೆ ನಾಲ್ಕು. ಎರಡನೇ ಕೋಣೆಯ ಗುಂಡಿಗಳು ಐದು ದಾಟಿ, ಆರು ದಾಟಿ, ಏಳನೇ ಕುಳಿಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಹೊಟ್ಟೆ ತಣ್ಣಗಿದ್ದ ಮರಿಗಳು ಕಳ್ಳನ ಫೋಟೋವನ್ನು ಚೆನ್ನಾಗಿ ನೋಡಿಕೊಂಡಿದ್ದವು. ಲ್ಯಾಬಿನವರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿದಳು. "ನೀನು ಕೆಟ್ಟವಳಲ್ಲ ಕಣೇ," ಎಂದಳು. "ಆದ್ರೆ ಅವನ ಪಾಲಿಗೆ ಅವತ್ತು ಕೆಟ್ಟವಳಿಗೂ ನಿನಗೂ ಏನು ವ್ಯತ್ಯಾಸ ಇತ್ತು, ಹೇಳು?"

ಅವನು ಹೋಗಿ ಎರಡು ವರ್ಷವಾದ ಮೇಲೆ ನನ್ನ ಥೀಸಿಸ್ ಪರೀಕ್ಷೆ ಬಂತು. ಅದು ಬಹಿರಂಗವಾಗಿ ನಡೆಯುತ್ತದೆ. ದೊಡ್ಡ ಹಾಲ್, ಮುಂದಿನ ಸಾಲಿನಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಹಿಂದೆ ಅಕ್ಕ ಭಾವ. ಎಲ್ಲ ಪ್ರಶ್ನೆಗೂ ಉತ್ತರಿಸಿದೆ. ಕೊನೆಗೆ ಹಿರಿಯ ಪರೀಕ್ಷಕರೊಬ್ಬರು ಕನ್ನಡಕ ತೆಗೆದು ಕೇಳಿದರು, "ಮೊದಲ ಟ್ರಯಲ್ ಯಾಕೆ ಕೆಟ್ಟಿತು? ಇಲ್ಲಿ ಕೆಲಸಗಾರನ ನಿರ್ಲಕ್ಷ್ಯ ಅಂತ ಒಂದೇ ಸಾಲು ಇದೆ."

ಆ ಸಾಲನ್ನು ಗೈಡ್ ಸೇರಿಸಿದ್ದರು. ನಾನು ಅಳಿಸಿರಲಿಲ್ಲ.

"ಆ ಸಾಲು ಸುಳ್ಳು ಸರ್," ಎಂದೆ. ಕ್ಲೋರಿನ್ ವಿಷಯ, ಅವನು ಮೂಸಿಸಿದ ಲೋಟ, ನಾನು ಬರೆಯಬೇಡಿ ಎಂದದ್ದು, ಮೀಟಿಂಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಒಂದನ್ನೂ ಬಿಡದೆ ಹೇಳಿದೆ. ಗೈಡ್ ಮುಖ ಬಿಳಿಚಿತು.

ಡಿಗ್ರಿ ತಪ್ಪಲಿಲ್ಲ, ಎರಡನೇ ಟ್ರಯಲ್ ಗಟ್ಟಿಯಾಗಿತ್ತು. ಆದರೆ ಸಂಸ್ಥೆಯಲ್ಲಿ ನನಗೆ ಬರಬೇಕಿದ್ದ ಕೆಲಸ ಬರಲಿಲ್ಲ. ಸಂಜೆ ಗೈಡ್ ತಮ್ಮ ಕೋಣೆಗೆ ಕರೆದರು. ಬೈಯುತ್ತಾರೆ ಎಂದುಕೊಂಡಿದ್ದೆ. ಕಿಟಕಿಯ ಕಡೆ ನೋಡುತ್ತಾ, "ಎರಡು ವರ್ಷ ಆಯ್ತಲ್ಲಮ್ಮ," ಎಂದರು. "ನಾನೂ ಅವನನ್ನ ಇನ್ನೊಂದು ಪ್ರಶ್ನೆ ಕೇಳಬಹುದಿತ್ತು." ಅವನ ಮೇಲೆ ಯಾವ ತಪ್ಪೂ ಇಲ್ಲವೆಂದು ಸಂಸ್ಥೆಯ ಮುದ್ರೆ ಹಾಕಿ ಪತ್ರ ಬರೆದುಕೊಟ್ಟರು. ವಿಳಾಸ ಹುಡುಕಿಸಿ, ನಾನೇ ತೆಗೆದುಕೊಂಡು ಹೋದೆ.

ಬಸ್ಸಿನಲ್ಲಿ ಆರು ಗಂಟೆ. ಸಣ್ಣ ಪೇಟೆಯ ಹೊರಗೆ, ಮೊಟ್ಟೆಯಿಂದ ಮರಿ ಮಾಡಿಸುವ ಒಂದು ಹ್ಯಾಚರಿ. ಒಳಗಿನಿಂದ ಅವನ ದನಿ ಕೇಳಿಸಿತು. ನಾಲ್ಕು ಜನ ಹೆಂಗಸರಿಗೆ ಲಸಿಕೆ ಹಾಕುವುದನ್ನು ಕಲಿಸುತ್ತಿದ್ದ.

"ತಲೆ ಹೀಗೆ ವಾಲಿಸಿ. ಹನಿ ಬಿತ್ತು ಅಂತ ತಕ್ಷಣ ಬಿಟ್ಟುಬಿಡ್ಬೇಡಿ. ಅದು ಒಂದು ಸಲ ಕಣ್ಣು ಮಿಟುಕಿಸಲಿ."

ನನ್ನನ್ನು ಕಂಡು ಅವನ ಮಾತು ನಿಂತಿತು. ಕೈಯಲ್ಲಿದ್ದ ಮರಿಯನ್ನು ಪಕ್ಕದವರಿಗೆ ಕೊಟ್ಟು ಹೊರಗೆ ಬಂದ. ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿದ್ದವು. ಪತ್ರ ಕೊಟ್ಟೆ. ಕೈ ತೊಳೆದು ಒರೆಸಿಕೊಂಡು ಬಂದು ತೆಗೆದುಕೊಂಡ. ಎರಡು ಸಲ ಓದಿದ.

"ಈಗ ಕೆಲಸಕ್ಕೆ ವಾಪಸ್ ಸೇರಿ ಆ ಸೀಟಿಗೆ ಅರ್ಜಿ ಹಾಕಬಹುದು," ಎಂದೆ ಅವಸರವಾಗಿ. "ಗೈಡ್ ತಾವೇ ಬರೀತೀನಿ ಅಂದಿದಾರೆ."

"ಅದಕ್ಕೆ ಮೂವತ್ತೈದು ವರ್ಷ ದಾಟಿರಬಾರದು ಮೇಡಂ. ಮೂರು ತಿಂಗಳ ಹಿಂದೆ ದಾಟಿತು." ಪತ್ರವನ್ನು ಮೊದಲಿನ ಮಡಿಕೆಗೇ ಮಡಚಿದ. "ಇರ್ಲಿ. ಇದನ್ನ ಅಮ್ಮನಿಗೆ ಓದಿ ಹೇಳ್ತೀರಾ? ಅವಳಿಗೆ ಕಣ್ಣು ಮಂಜು. ನಾನೇ ಓದಿದ್ರೆ, ನನಗೆ ಬೇಕಾದ ಹಾಗೆ ಓದ್ತಿದೀನಿ ಅನ್ಸುತ್ತೆ."

ಮನೆ ಹಿಂದೆಯೇ ಇತ್ತು. ಎರಡು ಕೋಣೆ, ಗುಡಿಸಿ ಒಪ್ಪವಾಗಿಟ್ಟದ್ದು. ಅವನ ತಾಯಿ ಮಂಚದ ಮೇಲೆ ಕೂತು ಬಟನ್ ಹೊಲಿಯುತ್ತಿದ್ದರು, ಕಣ್ಣಿಗಿಂತ ಹೆಚ್ಚಾಗಿ ಬೆರಳನ್ನು ನಂಬಿಕೊಂಡು. ನಾನು ಓದಿದೆ. ನನ್ನ ತಪ್ಪು ಬರೆದಿದ್ದ ಸಾಲು ಬಂದಾಗ ದನಿ ಒಡೆಯಿತು. ಅದನ್ನು ಇನ್ನೊಮ್ಮೆ, ಸ್ಪಷ್ಟವಾಗಿ ಓದಿದೆ.

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಆ ಮೇಡಂ ನೀನೇನಾ?"

"ಹೌದಮ್ಮ. ನಾನೇ."

"ಒಂದೇ ಒಂದು ಸಲ ಕೇಳಿದ್ದೆ ಇವನನ್ನ, ಏನಾಯ್ತಪ್ಪ ಅಂತ. ನೀರು ಕೆಟ್ಟಿತ್ತಮ್ಮ ಅಂದ, ಅಷ್ಟೇ. ನೆಂಟರು ಬಾಯಿಗೆ ಬಂದ ಹಾಗೆ ಆಡ್ಕೊಂಡ್ರು. ಆಗಲೂ ನಿನ್ನ ಸುದ್ದಿ ತೆಗೀಲಿಲ್ಲ." ನನ್ನ ಮುಖದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಬೈದರೆ ಸಾಕಿತ್ತು ಅನಿಸಿತು. ಅವರು ಬೈಯಲಿಲ್ಲ. "ದೂರದಿಂದ ಬಂದಿದೀಯ, ಊಟ ಮಾಡ್ಕೊಂಡು ಹೋಗು," ಎಂದು ಎದ್ದರು.

ಊಟ ಮುಗಿಸಿ ಹೊರಟೆ. ಬಸ್ ಸ್ಟಾಪಿನವರೆಗೆ ಅವನು ನಡೆದು ಬಂದ. ದಾರಿಯಲ್ಲಿ ಒಂದಿಷ್ಟು ಹ್ಯಾಚರಿಯ ಮಾತಾಡಿದ. ಇಲ್ಲಿ ಮರಿಗಳಿಗೆ ಮೊದಲ ದಿನದಿಂದಲೇ ಪ್ರೊಬಯಾಟಿಕ್ ಕೊಡುತ್ತಾನಂತೆ, ಸಾಯುವುದು ಕಡಿಮೆಯಾಗಿದೆಯಂತೆ. ನಾನು ತಲೆಯಾಡಿಸಿದೆ. ಸ್ಟಾಪಿನ ಕಲ್ಲು ಬೆಂಚಿನ ಮೇಲೆ ಕೂತ ಮೇಲೆ, ಇನ್ನು ಈಗ ಹೇಳದಿದ್ದರೆ ಎಂದೂ ಇಲ್ಲ ಎಂದು ಹೇಳಿಬಿಟ್ಟೆ.

"ನಾನು ನಿಮ್ಮನ್ನ ಪ್ರೀತಿಸ್ತಿದ್ದೆ. ಈಗಲೂ."

"ಗೊತ್ತು," ಎಂದ. ರಸ್ತೆ ನೋಡುತ್ತಿದ್ದ. "ಅವತ್ತೂ ಗೊತ್ತಿತ್ತು. ಬೇರೆ ಯಾರಾದ್ರೂ ಸುಮ್ಮನಿದ್ದಿದ್ರೆ ನನಗೆ ಅಷ್ಟು ನೋವಾಗ್ತಿರಲಿಲ್ಲ."

"ಇನ್ನೊಂದು ಅವಕಾಶ..."

ಒಂದು ಲಾರಿ ಹೋಯಿತು, ಧೂಳು ಅಡಗಿತು.

"ನಿಮ್ಮ ಮೇಲೆ ಕೋಪ ಇಲ್ಲ," ಎಂದ. "ಇವತ್ತು ನೀವು ಮಾಡಿದ್ದು ಎಷ್ಟು ಕಷ್ಟ ಅಂತಲೂ ಗೊತ್ತು. ಆದ್ರೆ ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ವಿ ಅಂದ್ಕೊಳ್ಳಿ. ಯಾರೋ ಬಂದು ಏನೋ ಕೇಳ್ತಾರೆ. ಆಗ ನಾನು ನಿಮ್ಮ ಮುಖ ನೋಡ್ತೀನಿ, ಮಾತಾಡ್ತಾರೋ ಇಲ್ವೋ ಅಂತ. ಪ್ರತಿ ಸಲ ನೋಡ್ತೀನಿ. ನನ್ನ ಕೈಲಿ ತಡೆಯೋಕಾಗಲ್ಲ. ನಿಮಗೂ ಅದು ಗೊತ್ತಾಗುತ್ತೆ. ಹಾಗೆ ಬದುಕೋದು ನಿಮಗೂ ಬೇಡ, ನನಗೂ ಬೇಡ."

ಅವನು ಹೇಳಿದ್ದು ಸರಿಯಾಗಿತ್ತು. ಮೊದಲ ಸಲವೂ ಅವನು ಹೇಳಿದ್ದು ಸರಿಯಾಗಿತ್ತು. ಈ ಸಲ ಒಪ್ಪಿಕೊಂಡೆ. ತಲೆಯಾಡಿಸಿದೆ. ಕಣ್ಣೀರು ತಾನಾಗಿ ಸುರಿಯಿತು, ಒರೆಸಿಕೊಳ್ಳಲಿಲ್ಲ. ಅವನೂ ಮುಖ ಬೇರೆ ಕಡೆ ತಿರುಗಿಸಲಿಲ್ಲ.

ಬಸ್ಸು ಬಂತು. ನನ್ನ ಬ್ಯಾಗನ್ನು ಅವನೇ ಎತ್ತಿ ಒಳಗೆ ಕೊಟ್ಟ. ಕಿಟಕಿಯ ಪಕ್ಕ ಕೂತೆ. ಇಂಜಿನ್ ಸದ್ದಿನಲ್ಲಿ ಅವನು ಕಿಟಕಿಯ ಸರಳಿಗೆ ಕೈಯಿಟ್ಟು ಏನೋ ಹೇಳಿದ. ಕೇಳಿಸಲಿಲ್ಲ ಎಂದೆ. ಹತ್ತಿರ ಬಂದ.

"ಹುಷಾರಾಗಿ ಹೋಗು," ಎಂದ.

ಹೋಗಿ ಅನ್ನಲಿಲ್ಲ. ಅಷ್ಟು ದಿನ ಜೊತೆಗೆ ಕೆಲಸ ಮಾಡಿ, ಅಷ್ಟು ಹತ್ತಿರ ಕೂತು, ಒಮ್ಮೆಯೂ ಅವನು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಬಸ್ಸು ಹೊರಟಿತು. ನಾನು ಸೀಟಿನಲ್ಲಿ ತಿರುಗಿ, ರಸ್ತೆ ಬಾಗುವವರೆಗೂ ಅವನನ್ನೇ ನೋಡಿದೆ.